ಕೊನೆಯ ವ್ಯಾಗನ್ನಿನ ಗಾಳಿ: ಟೆಹಾಚಪಿ ಘಾಟಿಯಲ್ಲಿ 72 ವ್ಯಾಗನ್

ಮೊದಲ ದಿನ

ಗುರಿಯನ್ನು ಮೊದಲೇ ಬರೆದಿಡುತ್ತೇನೆ. ಓಪನ್ ರೈಲ್ಸ್ ಸಿಮ್ಯುಲೇಟರ್‌ನಲ್ಲಿ ಧಾನ್ಯ ತುಂಬಿದ 72 ವ್ಯಾಗನ್‌ಗಳ ಗೂಡ್ಸ್ ಗಾಡಿಯನ್ನು ಟೆಹಾಚಪಿ ಘಾಟಿ ಹತ್ತಿಸಬೇಕು. ಆಮೇಲೆ ಅಷ್ಟೇ ತೂಕದ ಗಾಡಿಯನ್ನು ಅದೇ ಘಾಟಿಯಲ್ಲಿ ಇಳಿಸಬೇಕು. ವ್ಯಾಗನ್‌ಗಳನ್ನು ಜೋಡಿಸುವ ಕೊಂಡಿ, ಅಂದರೆ ಕಪ್ಲಿಂಗ್, ಮುರಿಯಬಾರದು. ಎಮರ್ಜೆನ್ಸಿ ಬ್ರೇಕ್ ಮುಟ್ಟಬಾರದು. ಇಳಿಯುವಾಗ ವೇಗ ಗಂಟೆಗೆ 20 ಮೈಲಿ ದಾಟಬಾರದು. ಈ 20 ನಾನೇ ಹಾಕಿಕೊಂಡ ಮಿತಿ.

ಇಷ್ಟು ದಿನ ನಾನು ಜಾಸ್ತಿ ಓಡಿಸಿದ್ದು ಮಾರಿಯಾಸ್ ಪಾಸ್‌ನಲ್ಲಿ. 2001ರ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್ ಜೊತೆಗೇ ಬಂದಿದ್ದ ಮಾರ್ಗ ಅದು. ಮೊಂಟಾನಾದ ಆ ಘಾಟಿ 5,213 ಅಡಿ ಎತ್ತರದಲ್ಲಿದ್ದರೂ ಏರು ಹದವಾಗಿದೆ. ಪೂರ್ವದಿಂದ ಬಂದರೆ ಸುಮಾರು 1%, ಪಶ್ಚಿಮದಿಂದ ಬಂದರೆ 1.8%. ಅಲ್ಲಿ ಸಣ್ಣಪುಟ್ಟ ತಪ್ಪು ಮಾಡಿದರೂ ಗಾಡಿ ಕ್ಷಮಿಸುತ್ತದೆ.

ಟೆಹಾಚಪಿ ಹಾಗಲ್ಲ. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಸುಮಾರು 400 ಅಡಿ ಎತ್ತರದಲ್ಲಿದೆ, ಘಾಟಿಯ ತುದಿ 4,000 ಅಡಿಯ ಆಸುಪಾಸು. ಕ್ಯಾಲಿಯೆಂಟೆ ದಾಟಿದ ಮೇಲೆ 2.2%ರ ತನಕ ಏರು, ಅದರ ಮೇಲೆ ತಿರುವಿನ ಬೆನ್ನಿಗೇ ತಿರುವು, ಸುರಂಗದ ಬೆನ್ನಿಗೇ ಸುರಂಗ. 1876ರಲ್ಲಿ ಮುಗಿದ ಈ ದಾರಿಯನ್ನು ಬಹುಪಾಲು ಚೀನೀ ಕಾರ್ಮಿಕರು ಕೈಯಿಂದಲೇ ಕಡಿದು ಮಾಡಿದರು. ಘಾಟಿ ನಡುವೆ ವಾಲಾಂಗ್ ಎಂಬಲ್ಲಿ ಹಳಿ ಒಂದು ಪೂರ್ತಿ ಸುತ್ತು ಹೊಡೆದು ತನ್ನ ಮೇಲೆಯೇ ದಾಟಿ ಹೋಗುತ್ತದೆ. ಆ ಒಂದು ಸುತ್ತಿನಲ್ಲಿ ಹಳಿ 77 ಅಡಿ ಮೇಲೇರುತ್ತದೆ. ಗಾಡಿ 4,000 ಅಡಿಗಿಂತ ಉದ್ದ ಇದ್ದರೆ ಇಂಜಿನ್ ಮೇಲೆ, ಅದರದ್ದೇ ಬಾಲ ಕೆಳಗೆ. ನನ್ನ ಗಾಡಿ ಸುಮಾರು 4,500 ಅಡಿ ಬರುತ್ತದೆ. 72 ವ್ಯಾಗನ್ ಆರಿಸಿಕೊಂಡದ್ದೇ ಅದಕ್ಕೆ!

ಎರಡನೇ ದಿನ: ಬರೀ ಲೆಕ್ಕ

ಇವತ್ತು ಗಾಡಿ ಓಡಿಸಲೇ ಇಲ್ಲ. ಪೆನ್ನು ಹಿಡಿದು ಕೂತೆ.

ತುಂಬಿದ ಒಂದು ವ್ಯಾಗನ್ ಸುಮಾರು 130 ಟನ್. 72 ಅಂದರೆ 9,360 ಟನ್. 1% ಏರಿನಲ್ಲಿ ಗಾಡಿ ತೂಕದ ನೂರರಲ್ಲೊಂದು ಪಾಲು ಹಿಂದಕ್ಕೆ ಜಗ್ಗುತ್ತದೆ. ಹಾಗಾದರೆ 2.2% ಏರಿನಲ್ಲಿ ಹಿಂದಕ್ಕೆ ಜಗ್ಗುವುದು ಹತ್ತಿರ ಹತ್ತಿರ 206 ಟನ್. ಚಕ್ರ ಉರುಳುವುದಕ್ಕೆ, ತಿರುವಿನಲ್ಲಿ ಉಜ್ಜುವುದಕ್ಕೆ ಇನ್ನೊಂದಿಷ್ಟು ಸೇರಿಸಿದರೆ 230 ದಾಟುತ್ತದೆ. ನಾನು ಹಾಕುವ ಇಂಜಿನ್ 4,400 ಅಶ್ವಶಕ್ತಿಯದು, ನಿಧಾನ ವೇಗದಲ್ಲಿ ಸತತವಾಗಿ ಸುಮಾರು 75 ಟನ್ ಎಳೆಯುತ್ತದೆ. ಮೂರು ಇಂಜಿನ್ ಸಾಲದು. ನಾಲ್ಕು ಬೇಕು.

ಮೂರನೇ ದಿನ

ನಾಲ್ಕೂ ಇಂಜಿನ್ ಮುಂದೆ ಜೋಡಿಸಿದೆ. ಸೆಟ್ಟಿಂಗ್ಸ್‌ನಲ್ಲಿ ಕಪ್ಲಿಂಗ್ ಮುರಿಯುವ ಆಯ್ಕೆ ಆನ್ ಮಾಡಿದೆ. ಆ ಆಯ್ಕೆ ಆಫ್ ಇಟ್ಟರೆ ಗೂಡ್ಸ್ ಓಡಿಸುವುದರಲ್ಲಿ ಅರ್ಧ ಸತ್ವವೇ ಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಕ್ಯಾಲಿಯೆಂಟೆ ತನಕ ಚೆನ್ನಾಗಿಯೇ ಬಂತು. ಬೀಲ್‌ವಿಲ್ ಹತ್ತಿರ ವೇಗ 11 ಮೈಲಿಗೆ ಇಳಿಯಿತು. ನಾಚ್ 8ರಲ್ಲೇ, ಅಂದರೆ ಇಂಜಿನ್ ಶಕ್ತಿಯ ಕೊನೆಯ ಹಂತದಲ್ಲೇ ಇದ್ದೆ. ಒಂದು ತಿರುವಿನಲ್ಲಿ ಚಕ್ರ ಒಂದು ಕ್ಷಣ ಜಾರಿತು, ಮತ್ತೆ ಹಿಡಿದುಕೊಂಡಿತು. ಹಿಡಿದುಕೊಂಡ ಆ ಕ್ಷಣದಲ್ಲೇ ಮೂರನೇ ವ್ಯಾಗನ್ ಹಿಂದಿನ ಕಪ್ಲಿಂಗ್ ಹೋಯಿತು. ಬ್ರೇಕಿನ ಗಾಳಿ ಪೈಪ್ ಕಿತ್ತುಹೋಗಿ ಗಾಳಿಯೆಲ್ಲ ಹೊರಗೆ ಬಂತು, ಎರಡೂ ತುಂಡು ತಾವೇ ಬ್ರೇಕ್ ಹಿಡಿದು ನಿಂತವು.

ತಪ್ಪು ನನ್ನದೇ. ಇಡೀ ಗಾಡಿಯ ಭಾರ ಹೊರುವುದು ಮುಂದಿನ ಕೆಲವೇ ಕಪ್ಲಿಂಗ್‌ಗಳು. ಇಂಜಿನ್‌ಗೆ ಎಳೆಯುವ ಶಕ್ತಿ ಇದ್ದರೆ ಸಾಲದು, ಕೊಂಡಿಗೆ ತಡೆಯುವ ಶಕ್ತಿಯೂ ಇರಬೇಕಲ್ವಾ? ಘಾಟಿಯಲ್ಲಿ ಇಂಜಿನ್‌ಗಳನ್ನು ಹಂಚಿ ಹಾಕುವುದು ಅದಕ್ಕೇ.

ಐದನೇ ದಿನ

ಎರಡು ಮುಂದೆ, ಎರಡು ಹಿಂದೆ.

ಎಂಥ ವ್ಯತ್ಯಾಸ! ಮುಂದಿನ ಅರ್ಧ ಗಾಡಿ ಎಳೆತದಲ್ಲಿ, ಹಿಂದಿನ ಅರ್ಧ ತಳ್ಳುವಿಕೆಯಲ್ಲಿ. ನಡುವೆ ಎಲ್ಲೋ ಒಂದು ವ್ಯಾಗನ್‌ನ ಕೊಂಡಿಯಲ್ಲಿ ಎಳೆತವೂ ಇಲ್ಲ, ಒತ್ತಡವೂ ಇಲ್ಲ. ಎಫ್5 ಒತ್ತಿ ಬಲಗಳ ಪುಟ ತೆಗೆದು ನೋಡುತ್ತಾ ಹೋದೆ. ಏರು ಬದಲಾದ ಹಾಗೆ ಆ ಜಾಗ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿತ್ತು. ಒಮ್ಮೆ 34ನೇ ವ್ಯಾಗನ್, ಆಮೇಲೆ 41.

ವಾಲಾಂಗ್ ಸುತ್ತಿಗೆ ಬಂದಾಗ ಸಂಜೆಯ ಬೆಳಕು ಇಟ್ಟುಕೊಂಡಿದ್ದೆ. ಇಂಜಿನ್ 9ನೇ ಸುರಂಗದೊಳಗೆ ನುಗ್ಗಿತು, ಹೊರಬಂತು, ಎಡಕ್ಕೆ ಬಾಗುತ್ತಾ ಬಾಗುತ್ತಾ ಗುಡ್ಡ ಸುತ್ತಿತು. ಸುರಂಗದ ನೆತ್ತಿಯ ಮೇಲೆ ಬಂದಾಗ ಕಿಟಕಿಯಿಂದ ಕೆಳಗೆ ನೋಡಿದೆ. ನನ್ನದೇ ಗಾಡಿಯ ಕೊನೆಯ ವ್ಯಾಗನ್‌ಗಳು ಸುರಂಗದೊಳಗೆ ಹೋಗುತ್ತಿದ್ದವು, ಅವುಗಳ ಹಿಂದೆ ಎರಡು ಇಂಜಿನ್ ಗುಡುಗುತ್ತಾ ತಳ್ಳುತ್ತಿದ್ದವು. ವೇಗ 14 ಮೈಲಿ. ಸುಮ್ನೆ ನೋಡುತ್ತಾ ಕೂತೆ. ಒಂದೂವರೆ ಶತಮಾನದ ಹಿಂದೆ ಯಾರೋ ಕಾಗದದ ಮೇಲೆ ಈ ಸುತ್ತು ಬರೆದು, ಏರು ಹದಕ್ಕೆ ಬರುತ್ತದೆ ಎಂದು ನಂಬಿದ್ದರಲ್ಲ, ಆ ಧೈರ್ಯಕ್ಕೆ ಮನಸ್ಸು ತುಂಬಿ ಬಂತು.

ತುದಿ ಮುಟ್ಟಿದೆ. ಏರುವ ಭಾಗ ಮುಗಿಯಿತು.

ಎಂಟನೇ ದಿನ: ಇಳಿಯುವ ಮೊದಲ ಪ್ರಯತ್ನ

ಘಾಟಿಯಲ್ಲಿ ಹತ್ತಿಸಲು ಸಹಾಯಕ್ಕೆ ಬಂದ ಇಂಜಿನ್‌ಗಳನ್ನು ಮೇಲೆ ಬಿಚ್ಚಿಬಿಡುವ ರೂಢಿ ಇದೆ. ನಾನೂ ಹಾಗೇ ಮಾಡಿದೆ. ಹಿಂದಿನ ಎರಡು ಹೋದವು, ಮುಂದೆ ಎರಡೇ ಉಳಿದವು. ಟೆಹಾಚಪಿ ಊರಿನಿಂದ ಕೆಳಗೆ ಬೇಕರ್ಸ್‌ಫೀಲ್ಡ್ ದಿಕ್ಕಿಗೆ ಹೊರಟೆ.

ಗಾಳಿ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಎಂದು ಇಲ್ಲಿ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ಪ್ರತಿ ವ್ಯಾಗನ್‌ಗೂ ತನ್ನದೇ ಗಾಳಿ ಟ್ಯಾಂಕ್ ಇದೆ. ಇಡೀ ಗಾಡಿಗೆ ಒಂದೇ ಪೈಪ್, ಅಮೆರಿಕದ ಗೂಡ್ಸ್ ಗಾಡಿಯಲ್ಲಿ ಅದರ ಒತ್ತಡ 90 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ). ಪೈಪಿನ ಒತ್ತಡ ಇಳಿಸಿದರೆ ಟ್ಯಾಂಕಿನ ಗಾಳಿ ಸಿಲಿಂಡರ್‌ಗೆ ನುಗ್ಗಿ ಬ್ರೇಕ್ ಹಿಡಿಯುತ್ತದೆ. ಪೈಪಿನಲ್ಲಿ 10 ಇಳಿಸಿದರೆ ಸಿಲಿಂಡರ್‌ನಲ್ಲಿ ಸುಮಾರು 25 ಬರುತ್ತದೆ. 26 ಇಳಿಸಿದರೆ ಟ್ಯಾಂಕ್, ಸಿಲಿಂಡರ್ ಎರಡೂ 64ರ ಹತ್ತಿರ ಸಮ ಆಗುತ್ತವೆ. ಅಲ್ಲಿಗೆ ಮಾಮೂಲಿ ಬ್ರೇಕ್ ಪೂರ್ತಿ ಆಯಿತು, ಇನ್ನು ಇಳಿಸಿ ಪ್ರಯೋಜನ ಇಲ್ಲ. ಪೈಪ್ ಒಡೆದರೂ ಗಾಡಿ ತಾನೇ ನಿಲ್ಲುವುದು ಈ ಏರ್ಪಾಡಿನಿಂದ. ವೆಸ್ಟಿಂಗ್‌ಹೌಸ್ 1870ರ ದಶಕದ ಆರಂಭದಲ್ಲಿ ಮಾಡಿದ ಈ ಉಪಾಯವೇ ಇವತ್ತಿಗೂ ನಡೆಯುತ್ತಿದೆ.

ಒಂದು ತೊಡಕಿದೆ. ಈ ಗೂಡ್ಸ್ ಬ್ರೇಕನ್ನು ಸ್ವಲ್ಪ ಸಡಿಲ ಮಾಡಲು ಆಗುವುದಿಲ್ಲ. ಬಿಟ್ಟರೆ ಪೂರ್ತಿ ಬಿಟ್ಟ ಹಾಗೆ. ಬಿಟ್ಟ ಮೇಲೆ 72 ಟ್ಯಾಂಕ್‌ಗಳೂ ಆ ಒಂದೇ ಸಣ್ಣ ಪೈಪಿನಿಂದ ಮತ್ತೆ ತುಂಬಬೇಕು.

ನಾನು ಮಾಡಿದ್ದು ಹೀಗೆ. ವೇಗ 22 ಆಯಿತು, 10 ಇಳಿಸಿದೆ. ಬ್ರೇಕ್ ಹಿಡಿಯಿತು. ವೇಗ 12ಕ್ಕೆ ಬಂತು, ಇಷ್ಟು ಬೇಡ ಅನ್ನಿಸಿ ಬಿಟ್ಟೆ. ಒಂದೇ ನಿಮಿಷದಲ್ಲಿ ಮತ್ತೆ 22. ಇಂಜಿನ್‌ನ ಮಾಪಕ 90 ತೋರಿಸುತ್ತಿತ್ತು. ಸರಿ ಅಂದುಕೊಂಡು ಮತ್ತೆ 10 ಇಳಿಸಿದೆ. ಈ ಸಲ ಗಾಡಿ ಕೇಳಲೇ ಇಲ್ಲ.

ಆಗ ಪ್ರತಿ ವ್ಯಾಗನ್‌ನ ಒತ್ತಡ ಸಾಲಾಗಿ ತೋರಿಸುವ ಬ್ರೇಕ್ ಪುಟ ತೆಗೆದು ಕೆಳಗಿನ ಸಾಲಿನ ತನಕ ನೋಡಿದೆ. ಎದೆ ಧಸಕ್ ಅಂದಿತು. ಇಂಜಿನ್ ಹತ್ತಿರ 90 ಇದ್ದಾಗ ಕೊನೆಯ ವ್ಯಾಗನ್‌ನಲ್ಲಿ ಇದ್ದದ್ದು 83. ನಾನು 80ಕ್ಕೆ ಇಳಿಸಿದರೆ ಅದಕ್ಕೆ ತಿಳಿದದ್ದು ಬರೀ 3. ಮುಂದಿನ ವ್ಯಾಗನ್‌ಗಳು ಹಿಡಿದವು, ಹಿಂದಿನವು ತಳ್ಳುತ್ತಾ ಬಂದವು. ಗಾಬರಿಯಲ್ಲಿ 74ಕ್ಕೆ ಇಳಿಸಿದೆ. ಸ್ವಲ್ಪ ಹಿಡಿಯಿತು, ಮತ್ತೆ ಬಿಟ್ಟೆ. ಮೂರನೇ ಸಲಕ್ಕೆ ಟ್ಯಾಂಕ್‌ಗಳಲ್ಲಿ ಗಾಳಿಯೇ ಇರಲಿಲ್ಲ. 30. 36. 41 ಮೈಲಿ. ಎಮರ್ಜೆನ್ಸಿ ಒತ್ತಿದೆ. ಒಂದು ಮೈಲಿಗಿಂತ ಜಾಸ್ತಿ ಜಾರಿಕೊಂಡು ಹೋಗಿ, ಕೆಂಪು ಸಿಗ್ನಲ್ ದಾಟಿ ನಿಂತಿತು.

ಅವತ್ತು ಮತ್ತೆ ಆಡಲಿಲ್ಲ.

ಹತ್ತನೇ ದಿನ

ಓದಿದೆ. 1989ರ ಮೇ 12ರಂದು ಅದೇ ಕ್ಯಾಲಿಫೋರ್ನಿಯಾದ ಕ್ಯಾಜಾನ್ ಪಾಸ್‌ನಲ್ಲಿ ನಡೆದ ಅಪಘಾತದ ಬಗ್ಗೆ. ಟ್ರೋನಾ ಅನ್ನುವ ಖನಿಜ ತುಂಬಿದ 69 ವ್ಯಾಗನ್. ಕಾಗದದಲ್ಲಿ ಬರೆದ ತೂಕಕ್ಕಿಂತ ನಿಜವಾದ ತೂಕ ಎಷ್ಟೋ ಜಾಸ್ತಿ ಇತ್ತು. ಕೆಲವು ಇಂಜಿನ್‌ಗಳ ಡೈನಾಮಿಕ್ ಬ್ರೇಕ್ (ಇಂಜಿನ್ನಿನ ಮೋಟಾರುಗಳಿಂದಲೇ ವೇಗ ತಡೆಯುವ ಬ್ರೇಕ್) ಕೆಲಸ ಮಾಡುತ್ತಿರಲಿಲ್ಲ, ಅದು ಮುಂದೆ ಕೂತ ಚಾಲಕರಿಗೆ ಪೂರ್ತಿ ಗೊತ್ತಿರಲಿಲ್ಲ. ಕೊನೆಗೆ ಎಮರ್ಜೆನ್ಸಿ ಹಾಕಿದಾಗ, ಕೆಲಸ ಮಾಡುತ್ತಿದ್ದ ಡೈನಾಮಿಕ್ ಕೂಡ ಕಡಿದುಹೋಯಿತು. ಆ ಇಂಜಿನ್‌ಗಳ ರಚನೆಯೇ ಹಾಗಿತ್ತು. ಗಾಡಿ 100 ಮೈಲಿಗೂ ಮೀರಿದ ವೇಗದಲ್ಲಿ ಸ್ಯಾನ್ ಬರ್ನಾರ್ಡಿನೋದ ಒಂದು ತಿರುವಿನಲ್ಲಿ ಹಳಿ ಬಿಟ್ಟು ಮನೆಗಳ ಮೇಲೆ ಬಿತ್ತು. ಗಾಡಿಯಲ್ಲಿದ್ದವರೂ ಸತ್ತರು, ಮನೆಯಲ್ಲಿದ್ದ ಮಕ್ಕಳೂ ಸತ್ತರು.

ನನ್ನ ಪರದೆಯ ಮೇಲೆ 41 ಮೈಲಿ ಕಂಡಾಗ ಕೈ ತಣ್ಣಗಾಗಿತ್ತು. ಅವರಿಗೆ ಹೇಗಾಗಿರಬೇಡ. ಇನ್ನು ಮೇಲೆ ಪ್ರತಿ ಓಟಕ್ಕೂ ಮೊದಲು ತೂಕ ನಾನೇ ಕೂಡಿ ಬರೆದುಕೊಳ್ಳುತ್ತೇನೆ, ಇಂಜಿನ್‌ಗಳ ಡೈನಾಮಿಕ್ ಒಂದೊಂದಾಗಿ ನೋಡುತ್ತೇನೆ.

ಹನ್ನೆರಡನೇ ದಿನ: ಲೆಕ್ಕ ಮತ್ತೆ

ಇಳಿಯುವಾಗ ಅದೇ 206 ಟನ್ ಈಗ ಮುಂದಕ್ಕೆ ತಳ್ಳುತ್ತದೆ. ಉರುಳುವ ಘರ್ಷಣೆ ಕಳೆದರೆ ಸುಮಾರು 185 ತಡೆಯಬೇಕು. ಡೈನಾಮಿಕ್ ಬ್ರೇಕ್‌ನಲ್ಲಿ ಮೋಟಾರುಗಳೇ ಜನರೇಟರ್ ಆಗುತ್ತವೆ, ಹುಟ್ಟಿದ ವಿದ್ಯುತ್ತು ಇಂಜಿನ್ನಿನ ಮೇಲ್ಭಾಗದ ರೆಸಿಸ್ಟರ್‌ಗಳಲ್ಲಿ ಬಿಸಿಯಾಗಿ ಹೋಗುತ್ತದೆ. ನನ್ನ ಎರಡು ಇಂಜಿನ್ ಸೇರಿ ಅದರಿಂದ 95 ಟನ್ ತಡೆಯಬಹುದು. ಉಳಿದ 90 ಗಾಳಿಯಿಂದ ಬರಬೇಕು. ಬೇರೆ ಬೇರೆ ಒತ್ತಡ ಇಟ್ಟು ನೋಡಿದೆ. 10 ಪಿಎಸ್‌ಐ ಇಳಿಸಿದರೆ ಹತ್ತಿರ ಹತ್ತಿರ ಅಷ್ಟೇ ಸಿಗುತ್ತದೆ.

ಅಂದರೆ ಗಾಳಿಯನ್ನು ಒಂದೇ ಸಲ ಹಾಕಿ, ಕೆಳಗೆ ಮುಟ್ಟುವ ತನಕ ಬಿಡಬಾರದು. ವೇಗದ ಏರುಪೇರು ಸರಿಮಾಡುವುದಕ್ಕೆ ಡೈನಾಮಿಕ್ ಮಾತ್ರ.

ಹದಿಮೂರನೇ ದಿನ

ಅರ್ಧ ಗೆದ್ದೆ. ಮಾರ್ಸೆಲ್ ಹತ್ತಿರ ಡೈನಾಮಿಕ್ ಅನ್ನು ಒಮ್ಮೆಲೇ ಪೂರ್ತಿ ಎಳೆದೆ. ಪ್ರತಿ ಕೊಂಡಿಯಲ್ಲೂ ಒಂದಿಷ್ಟು ಸಡಿಲ ಇರುತ್ತದೆ, 72 ಸೇರಿದರೆ ಅದು ಹಲವು ಮೀಟರ್. ಹಿಂದಿನ ವ್ಯಾಗನ್‌ಗಳೆಲ್ಲ ಧಡಧಡ ಎಂದು ಬಂದು ಮುಂದಿನವಕ್ಕೆ ಗುದ್ದಿದವು. ಮುರಿಯಲಿಲ್ಲ. ಆದರೆ ಆ ಸದ್ದು ಮತ್ತೆ ಕೇಳುವುದು ಬೇಡ. ಮೊದಲ ಹಂತಕ್ಕೆ ಹಾಕಿ, ಗಾಡಿ ಪೂರ್ತಿ ಒತ್ತಿ ಕೂರುವ ತನಕ ಕಾಯಬೇಕು.

ಆಮೇಲೆ ರೋವೆನ್ ದಾಟಿ ಒಂದು ಕೆಂಪು ಸಿಗ್ನಲ್‌ಗೆ ನಿಲ್ಲಿಸಬೇಕಾಯಿತು. ನಿಲ್ಲಿಸಿದೆ. ಹಸಿರು ಬಂದಾಗ ಹೊರಡಲು ಬ್ರೇಕ್ ಬಿಡಬೇಕು, ಬಿಟ್ಟರೆ ಖಾಲಿ ಟ್ಯಾಂಕ್ ಜೊತೆ ಉರುಳಲು ಶುರು. ಇದಕ್ಕೆ ಇರುವುದು ರಿಟೈನರ್. ಪ್ರತಿ ವ್ಯಾಗನ್‌ನಲ್ಲೂ ಇರುವ ಸಣ್ಣ ಹಿಡಿಕೆ ಅದು. ತಿರುಗಿಸಿದರೆ ಬ್ರೇಕ್ ಬಿಟ್ಟ ಮೇಲೂ ಸಿಲಿಂಡರ್‌ನಲ್ಲಿ 20 ಪಿಎಸ್‌ಐ ಉಳಿಯುತ್ತದೆ, ಅಷ್ಟರಲ್ಲಿ ಟ್ಯಾಂಕ್ ತುಂಬಿಕೊಳ್ಳುತ್ತದೆ.

ಓಪನ್ ರೈಲ್ಸ್‌ನಲ್ಲಿ ಇದು ಎರಡು ಕೀಲಿ ಒತ್ತುವ ಕೆಲಸ. ನಿಜವಾದ ಘಾಟಿಯಲ್ಲಿ ಒಬ್ಬರು ಇಂಜಿನ್‌ನಿಂದ ಇಳಿದು, ಜಲ್ಲಿಯ ಮೇಲೆ 1.3 ಕಿಲೋಮೀಟರ್ ನಡೆಯುತ್ತಾ, ಒಂದೊಂದೇ ವ್ಯಾಗನ್ ಹತ್ತಿರ ನಿಂತು ಹಿಡಿಕೆ ತಿರುಗಿಸಬೇಕು. ಹಾಗಾಗಿ ನಾನೂ ಒಂದು ನಿಯಮ ಮಾಡಿಕೊಂಡೆ. ರಿಟೈನರ್ ಹಾಕಿದರೆ 40 ನಿಮಿಷ ಗಾಡಿ ಕದಲಿಸುವಂತಿಲ್ಲ. ಆಟವನ್ನು ನಿಲ್ಲಿಸದೆ, ಆ 40 ನಿಮಿಷ ಅಲ್ಲೇ ಕೂತೆ. ಅಷ್ಟು ಹೊತ್ತು ಕೂತಾಗ ಮಾತ್ರ ಒಂದು ಕೆಟ್ಟ ನಿಲುಗಡೆಯ ಬೆಲೆ ಏನೆಂದು ಗೊತ್ತಾಗುತ್ತದೆ.

ಹದಿನಾರನೇ ದಿನ

ತುದಿಯಲ್ಲಿ ಹೊರಡುವ ಮೊದಲು ಕೊನೆಯ ವ್ಯಾಗನ್ 90ಕ್ಕೆ ಬರುವ ತನಕ ಕಾದೆ. 87 ತನಕ ಬೇಗ ಬಂತು. ಆ ಕೊನೆಯ ಮೂರು ಅಂಕಿ ಇದೆಯಲ್ಲ, ಅದೇ ತಾಳ್ಮೆ ಕೇಳುತ್ತದೆ.

ಇಳಿಜಾರು ಶುರುವಾಗುವ ಮೊದಲೇ, 12 ಮೈಲಿಯಲ್ಲಿದ್ದಾಗ, ಡೈನಾಮಿಕ್ ಮೊದಲ ಹಂತ ಹಾಕಿ ಗಾಡಿಯನ್ನು ಒತ್ತಿ ಕೂರಿಸಿದೆ. ಆಮೇಲೆ 7 ಇಳಿಸಿದೆ. ಹತ್ತು ಎಣಿಸಿದೆ, ಬಾಲದ ತನಕ ಸುದ್ದಿ ಮುಟ್ಟಲು ಅಷ್ಟು ಹೊತ್ತು ಬೇಕು. ಇನ್ನು 3 ಇಳಿಸಿದೆ. ವೇಗ 16, 17, 18. ಅಲ್ಲೇ ನಿಂತಿತು.

ಮುಂದೆ ಒಂದೂವರೆ ಗಂಟೆ ಕೈಯೆಲ್ಲ ಡೈನಾಮಿಕ್ ಮೇಲೆ. ಇಳಿಜಾರು ಸ್ವಲ್ಪ ಸಡಿಲವಾದ ಕಡೆ ಒಂದು ಹಂತ ಕಡಿಮೆ, ತಿರುವು ಬಿಟ್ಟು ನೇರ ಹಳಿ ಬಂದಾಗ ಒಂದು ಹಂತ ಜಾಸ್ತಿ. ವಾಲಾಂಗ್ ಸುತ್ತಿನಲ್ಲಿ ಈ ಸಲ ಇಂಜಿನ್ ಕೆಳಗೆ, ಬಾಲ ಮೇಲೆ. ತಲೆ ಎತ್ತಿ ನೋಡಲಿಲ್ಲ. ಕಣ್ಣು ಬ್ರೇಕ್ ಪುಟದ ಕೆಳಗಿನ ಸಾಲಿನಲ್ಲೇ ಇತ್ತು: 80. ಬೀಲ್‌ವಿಲ್‌ನಲ್ಲಿ ವೇಗ 19.4 ಮುಟ್ಟಿತು, ಉಸಿರು ಬಿಗಿಹಿಡಿದೆ, ಡೈನಾಮಿಕ್ ಕೊನೆಯ ಹಂತ ಹಾಕಿದೆ. ಹಿಂದಕ್ಕೆ ಬಂತು.

ಕ್ಯಾಲಿಯೆಂಟೆಯ ಲಾಳದಾಕಾರದ ತಿರುವು ದಾಟಿ, ಬೀನಾ ಹತ್ತಿರ ಇಳಿಜಾರು ಹದವಾದ ಮೇಲೆ ಮೊದಲ ಸಲ ಬ್ರೇಕ್ ಬಿಟ್ಟೆ. ಸಿಲಿಂಡರ್‌ಗಳು ಮುಂದಿನಿಂದ ಒಂದೊಂದಾಗಿ ಸೊನ್ನೆಗೆ ಬಂದವು. 72ನೇ ಸಾಲು ಎಲ್ಲಕ್ಕಿಂತ ತಡ. 81, 83, 84. ಅದು 90 ಮುಟ್ಟುವ ತನಕ ನಾಚ್ ಮುಟ್ಟದೆ ಗಾಡಿಯನ್ನು ಹಾಗೇ ಉರುಳಲು ಬಿಟ್ಟೆ.