ಬುಕ್ ಓದಿ ಪೋಕರ್‌ನ ಕೊನೀ ಆಟ ಬರ್ತದೇನು?

ಕಲಬುರಗಿಯಾಗ ನಾ ಪೋಕರ್ ಆಡ್ತೀನಿ ಅಂತ ಗೊತ್ತಾದವ್ರೆಲ್ಲಾ ಇದೊಂದೇ ಕೇಳ್ತಾರ. "ಅಣ್ಣಾ, ನಾ ಈಗರೆ ಕಲೀಲತ್ತೀನಿ, ಟೂರ್ನಮೆಂಟಿನ ಕೊನೀಗಿ ಹೆಂಗ ಆಡ್ಬೇಕು ಅನ್ನೋದು ಬುಕ್ ಓದಿದ್ರ ಬರ್ತದೇನು?" ಖರೆ ಹೇಳ್ಬೇಕಂದ್ರ ಬುಕ್ಕಿನಿಂದ ಛಲೋ ಬರೋದು ಕೊನೀ ಆಟನೇ, ಶುರುವಿನ ಆಟ ಅಲ್ಲ. ಶುರುನಾಗ ಚಿಪ್ಸ್ (ಪಣಕ್ಕ ಇಡೋ ಬಿಲ್ಲಿ) ಭಾಳ ಇರ್ತಾವ, ಒಂದೊಂದು ಎಲಿ ಬಿದ್ದಾಗೂ ಹತ್ತು ದಾರಿ. ಬ್ಲೈಂಡ್, ಅಂದ್ರ ಎಲಿ ನೋಡೋಕಿಂತ ಮೊದ್ಲೇ ಇಬ್ರು ಇಡಲೇಬೇಕಾದ ಪಣ, ಏರಿ ಏರಿ ಕೊನೀಗಿ ಉಳಿಯೋದು ಎರಡೇ, ಆಲ್-ಇನ್ (ಇದ್ದಿದ್ದೆಲ್ಲಾ ಇಡೋದು) ಇಲ್ಲಾ ಫೋಲ್ಡ್ (ಎಲಿ ಬಿಡೋದು). ಅಲ್ಲಿ ಲೆಕ್ಕ ನಡೀತದ, ಲೆಕ್ಕ ಬುಕ್ಕಿನಾಗ ಸಿಗ್ತದ.

ನಾ ಓದಿದ್ದು ಡ್ಯಾನ್ ಹ್ಯಾರಿಂಗ್ಟನ್ ಬರೆದ ಪೋಕರ್ ಬುಕ್ಕಿನ ಎರಡನೇ ಸಂಪುಟ, 2005ರದ್ದು, ಪೂರ್ತಿ ಕೊನೀ ಹಂತದ್ದೇ. ಮನುಷ್ಯಾ 1995ರಾಗ ಪೋಕರಿನ ದೊಡ್ಡ ಟೂರ್ನಮೆಂಟ್ ವರ್ಲ್ಡ್ ಸೀರೀಸ್‌ನ ಮೇನ್ ಇವೆಂಟ್ ಗೆದ್ದವ. ಅದ್ರಾಗಿನ ಮುಖ್ಯ ಮಾತು 'ಎಂ', ಬ್ಯಾಕ್‌ಗ್ಯಾಮನ್ ಆಟಗಾರ ಪಾಲ್ ಮ್ಯಾಗ್ರಿಯಲ್ ಹೆಸರಿನ ಮೊದಲ ಅಕ್ಷರ. ಒಂದು ಸುತ್ತಿಗೆ ಬ್ಲೈಂಡು, ಆ್ಯಂಟಿ (ಪ್ರತಿ ಕೈಗೂ ಬ್ಲೈಂಡ್ ಜೋಡಿ ಇಡೋ ಪಣ) ಕೂಡಿ ಎಷ್ಟು ಹೋಗ್ತದ ನೋಡು, ನಿನ್ನ ಚಿಪ್ಸನ್ನ ಅದ್ರಿಂದ ಭಾಗ್ಸು, ಅಷ್ಟೇ. 20ರ ಮ್ಯಾಲಿದ್ರ ಆರಾಮ್, 5ಕ್ಕ ಇಳಿದ್ರ ಕುಂತು ಕಾಯೋ ಮಾತೇ ಇಲ್ಲ.

ನಮ್ಮದು ಬ್ರಹ್ಮಪುರದಾಗ ಗೆಳೆಯನ ಮಾಳಗಿ ಮ್ಯಾಲ ನಡಿಯೋ ಆಟ, ಚಿಪ್ಸ್ ಅಂದ್ರ ಹುಣಚೀ ಬೀಜ. (ರೊಕ್ಕದ ಮಾತಿಲ್ಲ, ಆನ್‌ಲೈನ್ ರೊಕ್ಕದ ಆಟಕ್ಕಂತೂ 2025ರಾಗ ಕೇಂದ್ರದ ಕಾಯ್ದೆನೇ ಬಂದದ.) 10 ಮಂದಿ, ತಲಾ 20 ಬೀಜ, ಮೊದಲನೇದವಗ 500 ಪಾಯಿಂಟ್, ಆಮ್ಯಾಲ 300, 200, ನಾಕನೇದವಗ ಸೊನ್ನೆ. ಒಂದಿನ ನಾಕೇ ಮಂದಿ ಉಳಿದ್ವಿ, ಎಲ್ಲರ ಮುಂದೂ 50 ಬೀಜ, ಬ್ಲೈಂಡ್ 2-4, ಆ್ಯಂಟಿ ಎಲ್ಲರದೂ ಕೂಡಿ 4, ಒಟ್ಟು 10, ಅಂದ್ರ ನನ್ನ ಎಂ 5, ನಾಕೇ ಮಂದಿ ಇದ್ದಿದ್ದಕ್ಕ 20 ಕೈ ಆಡೋದ್ರಾಗ ಖಾಲಿ.

ಒಬ್ಬಾವ ಆಲ್-ಇನ್ ಅಂದ. ನನ್ನ ಕೈಯಾಗ ಎಕ್ಕಾ-ರಾಜಾ, ಹಿಂದಾ ಮುಂದಾ ನೋಡ್ದೆ ಕಾಲ್ ಮಾಡ್ದೆ (ಅವನಷ್ಟೇ ನಾನೂ ಇಟ್ಟೆ), ಅವನದು ರಾಣಿ ಜೋಡಿ, ಹೋತು. ರಾತ್ರಿ ಮನ್ಯಾಗ ಕುಂತು ಐಸಿಎಂ ಲೆಕ್ಕ ಹಾಕ್ದೆ, ಅಂದ್ರ ಮುಂದಿರೋ ಬೀಜಕ್ಕ ಬಹುಮಾನದಾಗ ಎಷ್ಟು ಬೆಲಿ ಅನ್ನೋ ಲೆಕ್ಕ. ನಾಕೂ ಮಂದಿ ಸಮ ಇದ್ದಾಗ ನನ್ನ 50 ಬೀಜದ ಬೆಲಿ 250 ಪಾಯಿಂಟ್. ಗೆದ್ದಿದ್ರ ಬೀಜ ಡಬಲ್, 100, ಆದ್ರ ಬೆಲಿ 500 ಅಲ್ರೀ, ಬರೀ 383! ಅಂದ್ರ ಬ್ಲೈಂಡ್ ಬದಿಗಿಟ್ಟು ನೋಡಿದ್ರ 100ರಾಗ 65 ಸಲ ಗೆಲ್ಲೋ ಕೈ ಬೇಕಿತ್ತು, ರಾಣಿ ಜೋಡಿ ಎದುರು ಎಕ್ಕಾ-ರಾಜಾ ಗೆಲ್ಲೋದು 43ರ ಆಸುಪಾಸು. ಅದೇ ಎಲಿ ಹಿಡಿದು ನಾನೇ ಮೊದಲು ಆಲ್-ಇನ್ ಅಂದಿದ್ರ ಮಾತು ಬ್ಯಾರೆ, ಎದುರಿನವ ಫೋಲ್ಡ್ ಮಾಡೋ ಚಾನ್ಸ್ ಇರ್ತದ.

ಇರ್ತದ ಅಂತ ಬುಕ್ ಹೇಳ್ತದ ನೋಡ್ರಿ, ನಮ್ಮ ಮಾಳಗಿ ಮ್ಯಾಲ ರಮ್ಮಿ ಆಡಿ ಬೆಳೆದ ಮಂದಿ ಫೋಲ್ಡೇ ಮಾಡಂಗಿಲ್ಲ, "ಏ ನೋಡೇ ಬಿಡಮು" ಅಂತ ಏಳು-ಎರಡರಂಥ ಕೆಟ್ಟ ಎಲಿ ಹಿಡ್ಕೊಂಡೂ ಬರ್ತಾರ. ಅದಕ್ಕ ಬುಕ್ಕಿನಾಗಿನ ಆಲ್-ಇನ್ ಪಟ್ಟಿ (ಯಾವ ಎಲಿಗಿ ಆಲ್-ಇನ್ ಅನ್ಬೇಕು ಅನ್ನೋದು) ಇಲ್ಲಿ ಸ್ವಲ್ಪ ಬಿಗಿ ಮಾಡ್ಕೋಬೇಕು, ಇನ್ನೊಬ್ಬರ ಆಲ್-ಇನ್‌ಗೆ ಕಾಲ್ ಮಾಡೋದಂತೂ ಇನ್ನೂ ಬಿಗಿ. ಅವತ್ತು ನಾಕನೇದವ ನಾನೇ, ಉಳಿದವ್ರು ಆಡೋ ತನಕ ಮೂಲ್ಯಾಗ ಕುಂತು ಎಲ್ಲರಿಗಿ ಚಾ ಸೋಸಿ ಕೊಟ್ಟೆ.