ಎರಡೇ ನಿಮಿಷ ಸಾರ್

"ಎರಡೇ ನಿಮಿಷ ಸಾರ್. ಬೆಲ್ಟ್ ಹಾಕ್ಕೊಳ್ಳೋಷ್ಟರಲ್ಲಿ ಕೆಲಸಾನೇ ಮುಗ್ದೋಗುತ್ತೆ."

ಮೊನ್ನೆ ಪಕ್ಕದ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ, ಒಂದು ಕಾಲು ಸಜ್ಜಾ ಮೇಲೆ, ಇನ್ನೊಂದು ಕಿಟಕಿ ಗ್ರಿಲ್ಲಿನ ಮೇಲೆ ಇಟ್ಟು ಒಂದೂವರೆ ಟನ್ನಿನ ಎಸಿ ಕೂರಿಸುತ್ತಿದ್ದ ಹುಡುಗನ ಮಾತು. ಟೆರೇಸಿನಲ್ಲಿ ಇನ್ನೊಬ್ಬ ಹಗ್ಗ ಹಿಡಿದು ನಿಂತಿದ್ದ. ಆ ಹಗ್ಗ ಕಟ್ಟಿದ್ದು ಸುಮಾರು 30 ಕೆಜಿಯ ಔಟ್‌ಡೋರ್ ಯೂನಿಟ್ಟಿಗೆ, ಹುಡುಗನಿಗಲ್ಲ.

ಯೂನಿಟ್ ಬಿದ್ದರೆ ದುಡ್ಡು ಕಟ್ಟಿಕೊಡಬೇಕಲ್ಲ!

ಮನೆಯ ಯಜಮಾನರು ಕೆಳಗೆ ನಿಂತು "ಪೇಂಟ್ ಹಾಳಾಗ್ಬಾರ್ದಪ್ಪ" ಅಂತ ಮೂರು ಸಲ ಕೂಗಿದರು. ಕೆಟ್ಟವರೇನಲ್ಲ, ಕಾಫಿಯನ್ನೂ ಕೊಟ್ಟರು. ಹುಡುಗನಿಗೆ ಸಂಜೆಯೊಳಗೆ ಇನ್ನೂ ಮೂರು ಮನೆ, ಕೂಲಿ ಎಸಿ ಲೆಕ್ಕದಲ್ಲಿ. ಬೆಲ್ಟ್ ಹಾಕಿದ ನಿಮಿಷಕ್ಕೆ ಕಾಸು ಕೊಡುವವರು ಯಾರು? ಬೆಲ್ಟ್ ಅಂದರೆ ಸೊಂಟಕ್ಕಷ್ಟೇ ಸುತ್ತುವುದಲ್ಲ. ತೊಡೆ, ಭುಜ ಎರಡನ್ನೂ ಹಿಡಿಯುವ ಹಾರ್ನೆಸ್ ಬೇಕು. ಅದರ ಹಗ್ಗವನ್ನು ಟೆರೇಸಿನ ಕಾಂಕ್ರೀಟ್ ಕಂಬಕ್ಕೆ ಕಟ್ಟಬೇಕು, ನೀರಿನ ಪೈಪಿಗೋ ಗ್ರಿಲ್ಲಿಗೋ ಅಲ್ಲ.

ಸ್ಟ್ಯಾಂಡಿನದೂ ಅದೇ ಆತುರ. ಹಾಲೋ ಬ್ಲಾಕ್ ಗೋಡೆಯಲ್ಲಿ ಮಾಮೂಲಿ ಆಂಕರ್ ಬೋಲ್ಟ್ ಹಿಡಿಯುವುದು ಪ್ಲಾಸ್ಟರನ್ನೂ ಬ್ಲಾಕಿನ ತೆಳ್ಳನೆ ಸಿಪ್ಪೆಯನ್ನೂ ಮಾತ್ರ. ಕಂಪ್ರೆಸರ್ ಅದುರಿ ಅದುರಿ ಅದು ಸಡಿಲವಾಗುತ್ತದೆ. ಅಲ್ಲಿ ಗೋಡೆಯ ಆಚೆಗೂ ಹಾಯುವ ಉದ್ದನೆ ಬೋಲ್ಟ್ ಹಾಕಿ, ಒಳಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು. ಇಲ್ಲವೇ ಬೀಮನ್ನೇ ಹುಡುಕಬೇಕು.

ಪೈಪ್ ಜೋಡಿಸಿದ ಮೇಲೆ ಇನ್ನೊಂದು "ಎರಡೇ ನಿಮಿಷ". ವ್ಯಾಕ್ಯೂಮ್ ಪಂಪ್ ಬದಲು ಯೂನಿಟ್ಟಿನ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಹೊರದಬ್ಬುವುದು. ಹೀಗೆ ಮಾಡಿದರೆ ತೇವ ಪೂರ್ತಿ ಹೋಗುವುದಿಲ್ಲ. ಅದು ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ತಿನ್ನುತ್ತದೆ. ಈಗಿನ ಎಸಿಗಳಲ್ಲಿರುವ ಆರ್32 ನಿಧಾನಕ್ಕಾದರೂ ಹೊತ್ತಿಕೊಳ್ಳುವ ಗ್ಯಾಸ್ ಬೇರೆ. ಪಂಪ್ ಹಾಕಿ ಪೈಪಿನೊಳಗಿನ ಒತ್ತಡವನ್ನು 500 ಮೈಕ್ರಾನಿಗೆ (ಅಂದರೆ ಹೆಚ್ಚುಕಮ್ಮಿ ಪೂರ್ತಿ ಖಾಲಿ) ಇಳಿಸಬೇಕು, ನಿಲ್ಲಿಸಿ ಹತ್ತು ನಿಮಿಷ ಗೇಜಿನ ಮುಳ್ಳು ಮೇಲೇರುತ್ತದಾ ನೋಡಬೇಕು. ಲೀಕ್ ನೋಡಲು ನೈಟ್ರೋಜನ್ ಮತ್ತು ಸೋಪಿನ ನೊರೆ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿದರೆ ಮಾತ್ರ ಎಣ್ಣೆಗೆ ತಾಗಿ ಸಿಡಿಯುತ್ತದೆ. ಇದರಲ್ಲಿ ಸಲಿಗೆಯೇ ಬೇಡ.

ಕೊನೆಗೆ ಕರೆಂಟು. ಮೀಟರ್ ಬೋರ್ಡಿನಿಂದಲೇ ಬೇರೆ ಲೈನ್, 4 ಚದರ ಮಿಮೀ ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ತಿಂಗ್ ಇರಬೇಕಿತ್ತು. ಯಜಮಾನರು ತಂದದ್ದು ಎಕ್ಸ್‌ಟೆನ್ಷನ್ ಬಾಕ್ಸ್. "ಭಾನುವಾರ ಎಲೆಕ್ಟ್ರಿಷಿಯನ್ ಬರ್ತಾನೆ, ಅಲ್ಲೀತನಕ ನಡೀಲಿ. ಏನಾದ್ರೂ ಆದ್ರೆ ಎಂಸಿಬಿ ಬೀಳತ್ತಲ್ಲ?" ಬೀಳುವುದಿಲ್ಲ. ಪ್ಲಗ್ ಸಡಿಲವಿದ್ದ ಕಡೆ ಕಾವು ಏರುತ್ತದೆ, ಕರೆಂಟು ಏರುವುದಿಲ್ಲ. ಎಂಸಿಬಿಗೆ ಗೊತ್ತಾಗುವ ಹೊತ್ತಿಗೆ ಪ್ಲಗ್ ಕರಗಿರುತ್ತದೆ, ಕೆಲವೊಮ್ಮೆ ಪರದೆಯೂ ಹೊತ್ತಿರುತ್ತದೆ.

ಇದಕ್ಕೆ ಮಾತ್ರ ಹುಡುಗ ಸುತರಾಂ ಒಪ್ಪಲಿಲ್ಲ. "ಬೇಡ ಸಾರ್, ಏನಾದ್ರೂ ಆದ್ರೆ ಕಂಪ್ಲೇಂಟ್ ನನ್ನ ಮೇಲೆ ಬರತ್ತೆ."

ಹಗ್ಗ ಸುತ್ತಿ ಚೀಲಕ್ಕೆ ತುರುಕಿದ. ಒಳಗೆ ಹಾರ್ನೆಸ್ ಇತ್ತು, ಪ್ಲಾಸ್ಟಿಕ್ ಕವರೂ ಬಿಚ್ಚಿರಲಿಲ್ಲ.