ಗುಳ್ಳೆ ಎಣಿಸಿ ವಯಸ್ಸು ಬರೆದೆ, ಬುಡ ನೋಡಲಿಲ್ಲ

ಐರ್ಲೆಂಡಿನ ಪಶ್ಚಿಮ ತೀರದ ಕಾನಮಾರದಲ್ಲಿ ಕಡಲಕಳೆ ಅಳೆಯುವ ಕೆಲಸಕ್ಕೆ ಸೇರಿದ ಹೊಸತು. ನೀರು ಇಳಿದ ಹೊತ್ತಿಗೆ ಬಂಡೆಗಳ ಮೇಲೆ ಹೋಗಿ ಚೌಕಟ್ಟು ಇಡಬೇಕು. ಅದರೊಳಗೆ ಆಸ್ಕೋಫಿಲಂ ನೊಡೋಸಮ್ ಎಂಬ ಕಳೆ ಎಷ್ಟಿದೆ, ಎಷ್ಟುದ್ದ ಇದೆ ಅಂತ ಬರೆದುಕೊಳ್ಳಬೇಕು. ಅಲ್ಲಿಯವರು ಇದನ್ನು 'ಹಳದಿ ಕಡಲಕಳೆ' ಎಂಬ ಅರ್ಥದ ಐರಿಷ್ ಹೆಸರಿನಿಂದ ಕರೆಯುತ್ತಾರೆ.

ಈ ಕಳೆಯ ಕುಡಿಯಲ್ಲಿ ಗಾಳಿ ತುಂಬಿದ ಗುಳ್ಳೆಗಳಿರುತ್ತವೆ. ನೀರು ಏರಿದಾಗ ಕುಡಿಯನ್ನು ಬೆಳಕಿನ ಕಡೆಗೆ ಎತ್ತಿ ಹಿಡಿಯುವುದು ಇವೇ. ಮೊದಲ ಗುಳ್ಳೆ ಬರಲು ಎರಡು ಮೂರು ವರ್ಷ ಬೇಕು. ಆಮೇಲೆ ಸುಮಾರಾಗಿ ವರ್ಷಕ್ಕೊಂದು. ಎಣಿಸಿದರೆ ವಯಸ್ಸು ಸಿಕ್ಕಿತು, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ.

ಒಂದು ಸಣ್ಣ ಕೊಲ್ಲಿಯಲ್ಲಿ ಎಲ್ಲ ಕುಡಿಗಳಲ್ಲೂ ಮೂರು ಮೂರೇ ಗುಳ್ಳೆ. 'ಹೊಸದಾಗಿ ಹಬ್ಬಿದ ಜಾಗ, ವಯಸ್ಸು ಸುಮಾರು 5 ವರ್ಷ' ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದೆ. ಪಕ್ಕದಲ್ಲೇ ಕಳೆ ಕೊಯ್ಯುತ್ತಿದ್ದ ಹಿರಿಯರೊಬ್ಬರು ಅದನ್ನು ಕೇಳಿ ಕುಡುಗೋಲು ಕೆಳಗಿಟ್ಟರು. ನನ್ನ ಕೈ ಹಿಡಿದು ಪೊದೆಯೊಳಗೆ ತೂರಿಸಿದರು. ಬೆರಳಿಗೆ ದಪ್ಪ ದಪ್ಪ ಮೋಟುಗಳು ತಗುಲಿದವು. "ಐದು ವರ್ಷದ ಹಿಂದೆ ನಾನೇ ಕೊಯ್ದದ್ದು. ನಮ್ಮಪ್ಪನೂ ಇದೇ ಬಂಡೆಯ ಮೇಲೆ ಕೊಯ್ಯುತ್ತಿದ್ದರು" ಎಂದರು.

ನಾನು ಎಣಿಸಿದ್ದು ಕುಡಿಯ ವಯಸ್ಸು. ಬಂಡೆಗೆ ಕಚ್ಚಿಕೊಂಡ ಬುಡ ಹತ್ತಾರು ವರ್ಷ ಬದುಕಿರುತ್ತದೆ, ಕೊಯ್ದಷ್ಟೂ ಹೊಸ ಕುಡಿ ಕೊಡುತ್ತದೆ. ತುದಿ ಮುರಿದಿದ್ದರೆ ಕುಡಿಯ ಲೆಕ್ಕವೂ ಕಡಿಮೆಯೇ ಬರುತ್ತದೆ.

ಇದು ಸಣ್ಣ ತಪ್ಪಲ್ಲ. ನನ್ನ ಹಾಳೆಯನ್ನು ನಂಬಿದವರು, ಬರೀ ಬಂಡೆಯ ಮೇಲೂ ಐದು ವರ್ಷದಲ್ಲಿ ಇಷ್ಟು ಬೆಳೆಯುತ್ತದೆ ಅಂದುಕೊಳ್ಳುತ್ತಿದ್ದರು. ಬುಡ ಸಮೇತ ಕಿತ್ತರೂ ಪರವಾಗಿಲ್ಲ ಎಂಬ ತೀರ್ಮಾನಕ್ಕೆ ಅದು ಸಾಕು. ನಿಜಕ್ಕೂ ಬುಡ ಹೋದ ಜಾಗದಲ್ಲಿ ಮರಿಗಳು ನೆಲೆಯೂರುವುದು ತುಂಬಾ ಕಷ್ಟ. ಅಲೆ ಎಳೆದೊಯ್ಯುತ್ತದೆ, ಉಳಿದದ್ದನ್ನು ಬಸವನಹುಳುಗಳು ಮೇಯುತ್ತವೆ. ಕೈಯಿಂದ ಕೊಯ್ಯುವವರು ಒಂದು ಗೇಣಾದರೂ ಮೋಟು ಬಿಟ್ಟು, ಮತ್ತೆ ಕೆಲವು ವರ್ಷ ಆ ಕಡೆ ಬಾರದೆ ಇರುವುದು ಇದಕ್ಕೇ.

ಮರುದಿನದ ಇಳಿತಕ್ಕೆ ಅದೇ ಕೊಲ್ಲಿಗೆ ಹೋದೆ. ಹಾಳೆಯಲ್ಲಿ 'ವಯಸ್ಸು' ಹೊಡೆದುಹಾಕಿ 'ಕುಡಿಯ ವಯಸ್ಸು' ಎಂದು ತಿದ್ದಿದೆ. ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು, ಪ್ರತಿ ಪೊದೆಯೊಳಗೂ ಕೈ ಹಾಕಿ ಮೋಟು ಎಣಿಸುತ್ತಾ ಕೂತೆ. ನೀರು ಮೊಣಕಾಲಿಗೆ ಬರುವವರೆಗೂ ಮುಗಿಯಲಿಲ್ಲ.